ಕಳಚಿದ ಡಿಸ್ಕ್ ಮತ್ತೆ ರೇಡ್‌ಗೆ ಸೇರದಿದ್ದಾಗ

ಲಿನಕ್ಸ್ ಸರ್ವರ್‌ನ ರೇಡ್-1 (ಒಂದೇ ಡೇಟಾವನ್ನು ಎರಡು ಡಿಸ್ಕ್‌ಗಳಲ್ಲೂ ಇಡುವ ವ್ಯವಸ್ಥೆ) ಜೋಡಿಯಿಂದ ಒಂದು ಡಿಸ್ಕ್ ಕಳಚಿಕೊಂಡಿದೆ. ವಾಪಸ್ ಸೇರಿಸಲು ಹೋದರೆ ರೇಡ್ ನಿರ್ವಹಿಸುವ ಎಂಡಿಎಡಿಎಂ ತಂತ್ರಾಂಶ ‘ರೀ-ಆಡ್ ಈಸ್ ನಾಟ್ ಪಾಸಿಬಲ್’ (ಮರಳಿ ಸೇರಿಸಲಾಗದು) ಎನ್ನುತ್ತದೆ. ಈ ಹೊತ್ತಿನಲ್ಲಿ ಗಾಬರಿಬಿದ್ದು ‘ಕ್ರಿಯೇಟ್’ ಆಜ್ಞೆ ಕೊಡುವವರಿದ್ದಾರೆ. ಅದೊಂದನ್ನು ಮಾಡಬೇಡಿ. ಅದು ಅರೇಯ, ಅಂದರೆ ಡಿಸ್ಕ್‌ಗಳ ಈ ಕೂಟದ, ಹಳೆಯ ಗುರುತನ್ನೇ ಅಳಿಸಿ ಹೊಸದು ಬರೆಯುತ್ತದೆ. ಡೇಟಾ ಶುರುವಾಗುವ ಜಾಗ ಸ್ವಲ್ಪ ಆಚೀಚೆಯಾದರೂ ಉಳಿದದ್ದೂ ಕೈತಪ್ಪುತ್ತದೆ.

ಮೊದಲು ಬ್ಯಾಕಪ್ ಇದೆಯೇ ನೋಡಿಕೊಳ್ಳಿ. ಆಮೇಲೆ ಪ್ರೊಕ್ ಫೋಲ್ಡರ್‌ನ ಎಂಡಿಸ್ಟ್ಯಾಟ್ ಫೈಲ್ ತೆರೆಯಿರಿ. ಚೌಕ ಕಂಸದಲ್ಲಿ 2/1, ಪಕ್ಕದಲ್ಲಿ ‘ಯು’ ಅಕ್ಷರ, ಅದರ ಮುಂದೊಂದು ಅಡಿಗೆರೆ ಕಂಡರೆ ಒಂದೇ ಡಿಸ್ಕ್ ಮೇಲೆ ಅರೇ ನಡೆಯುತ್ತಿದೆ ಎಂದರ್ಥ. ಬಿಚ್ಚಿ ಹಾಕಿದ ಡಿಸ್ಕ್‌ಗೆ ಎಸ್‌ಡಿಬಿ ಬದಲು ಎಸ್‌ಡಿಡಿ ಎಂಬ ಹೆಸರು ಬಂದಿರಬಹುದು. ಹಾಗಾಗಿ ಹೆಸರು ನಂಬಬೇಡಿ, ಡಿಸ್ಕ್‌ನ ಆರೋಗ್ಯ ವರದಿ ಕೊಡುವ ಸ್ಮಾರ್ಟ್‌ಸಿಟಿಎಲ್ ತೋರಿಸುವ ಸೀರಿಯಲ್ ನಂಬರನ್ನು ಡಿಸ್ಕ್ ಮೇಲಿನ ಚೀಟಿಯೊಂದಿಗೆ ತಾಳೆ ನೋಡಿ.

ಅದೇ ವರದಿಯಲ್ಲಿ ಡಿಸ್ಕ್ ಯಾಕೆ ಕಳಚಿತು ಎಂಬ ಸುಳಿವೂ ಇರುತ್ತದೆ. 199 ಸಂಖ್ಯೆಯ ಅಂಶವಾದ ಸಿಆರ್‌ಸಿ (ಡೇಟಾ ಸಾಗಣೆಯ) ದೋಷಗಳು ಏರುತ್ತಿದ್ದರೆ ಅನುಮಾನ ಕೇಬಲ್ ಮೇಲೆ. 5 ಮತ್ತು 197ನೇ ಅಂಶಗಳು (ಕೆಟ್ಟು ಬದಲಿಸಿದ ಹಾಗೂ ಓದಲು ತೊಡಕಾದ ಸೆಕ್ಟರ್‌ಗಳ ಎಣಿಕೆ) ಏರುತ್ತಿದ್ದರೆ ಡಿಸ್ಕೇ ಸವೆಯುತ್ತಿದೆ. ಅಂಥದ್ದನ್ನು ಮತ್ತೆ ಸೇರಿಸುವ ಕಷ್ಟ ಬೇಡ, ಹೊಸದು ತನ್ನಿ.

ಈಗ ಮುಖ್ಯ ಕೆಲಸ. ಎರಡೂ ಡಿಸ್ಕ್‌ಗಳ ರೇಡ್ ಪಾರ್ಟಿಷನ್ ಮೇಲೆ ಎಂಡಿಎಡಿಎಂನ ‘ಎಕ್ಸಾಮಿನ್’ ಓಡಿಸಿ, ಅರೇ ಯುಯುಐಡಿ (ಅರೇಯ ಗುರುತಿನ ಸಂಖ್ಯೆ) ಮತ್ತು ಈವೆಂಟ್ಸ್ ಸಾಲುಗಳನ್ನು ಪಕ್ಕಪಕ್ಕ ಇಟ್ಟು ಓದಿ. ಯುಯುಐಡಿ ಒಂದೇ ಇರಬೇಕು. ಈವೆಂಟ್ಸ್ ಎಂದರೆ ಅರೇಯ ಸ್ಥಿತಿ ಬದಲಾದಾಗಲೆಲ್ಲ ಏರುವ ಎಣಿಕೆ. ಓಡುತ್ತಿರುವ ಡಿಸ್ಕ್‌ನಲ್ಲಿ 48213, ಹೊರಬಿದ್ದದ್ದರಲ್ಲಿ 48107 ಇದ್ದರೆ ಎರಡನೆಯದು ಹಿಂದೆ ಉಳಿದಿದೆ. ನಡುವೆ ಯಾವ ಭಾಗ ಬದಲಾಯಿತು ಎಂಬ ಲೆಕ್ಕ ಇಡುವುದು ಬಿಟ್‌ಮ್ಯಾಪ್. ಅದು ಮೊದಲೇ ಇದ್ದರೆ ‘ರೀ-ಆಡ್’ ಬದಲಾದ ಭಾಗವನ್ನಷ್ಟೇ ನಕಲು ಮಾಡುತ್ತದೆ, ಸಾಮಾನ್ಯವಾಗಿ ನಿಮಿಷಗಳಲ್ಲಿ ಮುಗಿಯುತ್ತದೆ. ಇಲ್ಲದಿದ್ದರೆ ಪೂರ್ತಿ ನಕಲಾಗಬೇಕು: 4 ಟಿಬಿ ಡಿಸ್ಕ್‌ಗೆ ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕರೂ ಸುಮಾರು ಏಳೂವರೆ ಗಂಟೆ.

‘ಡಿವೈಸ್ ಆರ್ ರಿಸೋರ್ಸ್ ಬಿಜಿ’ ಎಂದು ಬಂದರೆ ಎಂಡಿಸ್ಟ್ಯಾಟ್ ಮತ್ತೊಮ್ಮೆ ನೋಡಿ. ವಾಪಸ್ ಹಾಕಿದ ಡಿಸ್ಕ್ ಒಂಟಿಯಾಗಿ ಎಂಡಿ127 ಎಂಬ ಇನ್ನೊಂದು ಅರೇ ಆಗಿ ಕೂತಿರುವುದುಂಟು. ಅದರಲ್ಲಿರುವುದು ಆ ಡಿಸ್ಕ್ ಮಾತ್ರ ಎಂದು ಖಾತ್ರಿಯಾದ ಮೇಲೆ ಎಂಡಿ127ಕ್ಕೆ ‘ಸ್ಟಾಪ್’ ಕೊಟ್ಟು ರೀ-ಆಡ್ ಪ್ರಯತ್ನಿಸಿ. ಹಳೆಯ ಸದಸ್ಯ ಇನ್ನೂ ಪಟ್ಟಿಯಲ್ಲಿ ‘ಫಾಲ್ಟಿ’ ಎಂದು ನೇತಾಡುತ್ತಿದ್ದರೆ ಮೊದಲು ‘ರಿಮೂವ್’ ಮಾಡಿ. ಡಿಸ್ಕ್ ಕಣ್ಣಿಗೇ ಬೀಳದಿದ್ದರೆ ಹೆಸರಿನ ಜಾಗದಲ್ಲಿ ‘ಡಿಟ್ಯಾಚ್ಡ್’ ಎಂದು ಕೊಟ್ಟರಾಯಿತು. ಅದರ ಜಾಗವನ್ನು ಸ್ಪೇರ್ (ಬದಲಿಗೆಂದು ಕಾದಿಟ್ಟ) ಡಿಸ್ಕ್ ಹಿಡಿದಿದ್ದರೆ ರೀ-ಆಡ್ ಆಗುವುದಿಲ್ಲ.

ಒಂದು ಅಪಾಯ ಬೇರೆಯೇ ಇದೆ. ಹೊರಬಿದ್ದ ಡಿಸ್ಕನ್ನು ಇನ್ನೊಂದು ಯಂತ್ರಕ್ಕೆ ಹಾಕಿ, ಒಂಟಿಯಾಗಿ ಓಡಿಸಿ, ಅದರ ಮೇಲೆ ಬರೆದಿದ್ದರೆ ಎರಡರ ಚರಿತ್ರೆ ಕವಲೊಡೆದಿರುತ್ತದೆ. ಆಗ ರೀ-ಆಡ್ ಬೇಡವೇ ಬೇಡ, ಹಳೆಯದೂ ಹೊಸದೂ ಕಲಸಿಹೋಗಬಹುದು. ಯಾವುದರ ಡೇಟಾ ಬೇಕು ಎಂದು ತೀರ್ಮಾನಿಸಿ, ಬೇಡವಾದ ಡಿಸ್ಕ್‌ನ ಪಾರ್ಟಿಷನ್ ಮೇಲೆ ಮಾತ್ರ ರೇಡ್ ಗುರುತನ್ನು ಅಳಿಸುವ ‘ಜೀರೋ-ಸೂಪರ್‌ಬ್ಲಾಕ್’ ಓಡಿಸಿ, ನಂತರ ‘ಆಡ್’ ಕೊಡಿ. ಬಿಟ್‌ಮ್ಯಾಪ್ ಇಲ್ಲದೆ ರೀ-ಆಡ್ ನಿರಾಕರಿಸಿದಾಗಲೂ ದಾರಿ ಇದೇ. ಆದರೆ ಒಂದು ಡಿಸ್ಕ್ ಹೋದರಷ್ಟೇ ತಾಳುವ ರೇಡ್-5ರಲ್ಲಿ ಎರಡು ಡಿಸ್ಕ್ ಹೊರಬಿದ್ದಿದ್ದರೆ ಜೀರೋ-ಸೂಪರ್‌ಬ್ಲಾಕ್ ಹತ್ತಿರವೂ ಹೋಗಬೇಡಿ: ಆ ‘ಹಾಳಾದ’ ಡಿಸ್ಕ್‌ನಲ್ಲೇ ನಿಮ್ಮ ಡೇಟಾ ಇರುತ್ತದೆ.

ನಕಲು ಮುಗಿದ ಮೇಲೆ ಬಿಟ್‌ಮ್ಯಾಪ್ ಇಲ್ಲದ ಅರೇಗೆ ‘ಗ್ರೋ’ ಆಜ್ಞೆಯಲ್ಲಿ ‘ಬಿಟ್‌ಮ್ಯಾಪ್ ಇಂಟರ್ನಲ್’ ಹಾಕಿಡಿ. ಬರೆಯುವ ವೇಗ ತುಸು ಇಳಿಯುತ್ತದೆ, ಅಷ್ಟೇ. ಹೊಸ ಡಿಸ್ಕ್ ಹಾಕಿದ್ದರೆ, ಅದರಿಂದಲೂ ಬೂಟ್ ಆಗಬೇಕಿದ್ದಲ್ಲಿ ಬೂಟ್ ಮಾಡಿಸುವ ತಂತ್ರಾಂಶವಾದ ಗ್ರಬ್ ಕೂಡ ಸ್ಥಾಪಿಸಿ, ರೇಡ್ ಅದನ್ನು ತಾನಾಗಿ ಮಾಡುವುದಿಲ್ಲ. ಕೊನೆಗೆ ಸಿಸ್ ಫೋಲ್ಡರ್‌ನಲ್ಲಿರುವ ಅರೇಯ ಸಿಂಕ್ ಆಕ್ಷನ್ ಫೈಲ್‌ಗೆ ‘ಚೆಕ್’ ಎಂದು ಬರೆದು ಪೂರ್ತಿ ತಪಾಸಣೆ ಮಾಡಿಸಿ. ರೇಡ್-1ರ ಮೇಲೆ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಇದ್ದರೆ ಮಿಸ್‌ಮ್ಯಾಚ್ (ಎರಡು ಡಿಸ್ಕ್‌ಗಳ ನಡುವೆ ಹೊಂದದ ಭಾಗಗಳ) ಎಣಿಕೆ ಸೊನ್ನೆ ಬಾರದಿರಬಹುದು; ಅದಷ್ಟರಿಂದಲೇ ಡಿಸ್ಕ್ ಕೆಟ್ಟಿದೆ ಎಂದುಕೊಳ್ಳಬೇಕಿಲ್ಲ.