ಗಾಡಿ ಬೆಲೆ ಬಿದ್ದರೆ ಯಾವ ಪಾರ್ಟ್ಸ್ ಓಡುತ್ತದೆ: ಕಾಸರಗೋಡಿನಲ್ಲಿ ಕುಳಿತು ಹಾಕಿದ ಲೆಕ್ಕ

ಹಳೆಯ ಸ್ಪೋರ್ಟ್ಸ್ ಗಾಡಿಗಳ ಬೆಲೆ ಬಿದ್ದರೆ ಪಾರ್ಟ್ಸ್ ವ್ಯಾಪಾರವೂ ಬೀಳುತ್ತದೆ ಅಂತ ಮಂಗಳೂರಿನ ಹೋಲ್‌ಸೇಲಿನವರು ಹೇಳುತ್ತಿದ್ದರು. ಕೊಚ್ಚಿಯವರ ಮಾತು ಇದಕ್ಕೆ ತಿರುಗುಮುರುಗು: ಗಾಡಿಯಲ್ಲಿ ಉಳಿದ ದುಡ್ಡು ನೇರ ಶೋಕಿಯ ಎಗ್ಸಾಸ್ಟಿಗೆ (ಹೊಗೆ ಕೊಳವೆಗೆ), ಅಲಾಯ್‌ಗೆ ಬರುತ್ತದೆ ಅಂತ. ಕಾಸರಗೋಡಿನಲ್ಲಿ ಪಾರ್ಟ್ಸ್ ಮಾರುವ ನಾನು ಎರಡನ್ನೂ ನಂಬಿ ಕೈ ಸುಟ್ಟುಕೊಂಡ ಮೇಲೆ ಹುಟ್ಟಿದ ಲೆಕ್ಕ ಇದು. ಗಾಡಿಯ ಬೆಲೆಯನ್ನು ಮಾತ್ರ ನೋಡಬಾರದು. ಆ ಮಾಡೆಲ್‌ಗೆ ಬರಬಹುದಾದ ಅತಿ ದೊಡ್ಡ ಒಂದು ರಿಪೇರಿಗೆ ಎಷ್ಟಾಗುತ್ತದೆ, ಅದು ಗಾಡಿ ಬೆಲೆಯ ನೂರಕ್ಕೆ ಎಷ್ಟು, ಅದನ್ನು ನೋಡಬೇಕು.

ನನ್ನ ಲೆಕ್ಕದ ಪುಸ್ತಕದಲ್ಲಿ ಅದು ನೂರಕ್ಕೆ ಹತ್ತರ ಒಳಗಿದ್ದರೆ ಶೋಕಿಯ ಸಾಮಾನು ಓಡುತ್ತದೆ. ಹತ್ತರಿಂದ ಇಪ್ಪತ್ತೈದರವರೆಗೆ ಬುಷ್ (ಸಸ್ಪೆನ್ಷನ್ನಿನ ರಬ್ಬರ್ ತುಂಡು), ವಾಟರ್ ಪಂಪ್, ಇಗ್ನಿಷನ್ ಕಾಯಿಲ್, ಗೇರ್ ಎಣ್ಣೆ. ಮೂವತ್ತೈದು ದಾಟಿತೋ, ಹೊಸ ಪಾರ್ಟ್ಸ್ ಕೇಳುವವರೇ ಇಲ್ಲ, ಎಲ್ಲರೂ ಗುಜರಿಯ ದಾರಿ ಹಿಡಿಯುತ್ತಾರೆ. ನಡುವಿನ ಹತ್ತು ಅಂಕ ಕತ್ತಲೆ, ಅಲ್ಲಿ ಆರ್ಡರ್ ಹಾಕದೆ ಕೂತಿರುವುದೇ ಲಾಭ.

ಆಡಿ ಟಿಟಿಯನ್ನೇ ತೆಗೆದುಕೊಳ್ಳಿ, ಎರಡನೇ ತಲೆಮಾರಿನ, ಟೈಮಿಂಗ್ ಚೈನ್ ಇರುವ 2.0 ಪೆಟ್ರೋಲ್ ಟಿಎಫ್‌ಎಸ್‌ಐ. ಎಣ್ಣೆ ಕುಡಿಯುವ ಎಂಜಿನ್ ಅಂತ ಎಲ್ಲರಿಗೂ ಗೊತ್ತು. ಪಿಸ್ಟನ್, ರಿಂಗ್ ಸಮೇತ ಕೆಲಸಕ್ಕೆ ಇಲ್ಲಿ ಸುಮಾರು 3 ಲಕ್ಷ. ಗಾಡಿ 30 ಲಕ್ಷ ಇದ್ದಾಗ ಅದು ಹತ್ತು ಪರ್ಸೆಂಟ್, ಮಾಲೀಕ ಗಾಳಿ ಹೆಚ್ಚು ಎಳೆಯುವ ಇನ್‌ಟೇಕ್ ಕಿಟ್ ಬಗ್ಗೆ ಮಾತಾಡುತ್ತಿದ್ದ. 12 ಲಕ್ಷಕ್ಕೆ ಇಳಿದಾಗ ಇಪ್ಪತ್ತೈದು ಪರ್ಸೆಂಟ್. ಅದನ್ನು ಕೊಳ್ಳುವವನು ಕೇಳುವುದು ಟೈಮಿಂಗ್ ಚೈನ್ ಟೆನ್ಷನರ್ (ಎಂಜಿನ್ ಒಳಗಿನ ಚೈನನ್ನು ಬಿಗಿ ಹಿಡಿಯುವ ಭಾಗ), ಪಿಸಿವಿ ವಾಲ್ವ್ (ಎಂಜಿನ್ನಿನ ಎಣ್ಣೆ ಆವಿಯನ್ನು ತಿರುಗಿ ಒಳಗೆ ಕಳಿಸುವುದು). ಹಳೆಯ ಟೆನ್ಷನರ್ ಕೈಕೊಟ್ಟರೆ ಚೈನ್ ಹಲ್ಲು ಹಾರಿ ವಾಲ್ವ್ ಬಗ್ಗುತ್ತದೆ. ಕೆಳಗಿನ ಟೈಮಿಂಗ್ ಕವರಿನ ರಬ್ಬರ್ ಮುಚ್ಚಳ ತೆಗೆದು ಟಾರ್ಚ್ ಹಿಡಿದರೆ ಹಳೆಯದೋ ಬದಲಾಯಿಸಿದ್ದೋ ಗೊತ್ತಾಗುತ್ತದೆ. ಗಾಡಿ ನೋಡಲು ಬಂದವರಿಗೆ ಇಷ್ಟನ್ನು ಪುಕ್ಕಟೆ ತೋರಿಸಿದರೆ ಕಿಟ್ ಮಾರುವುದಕ್ಕೆ ಬೇರೆ ಮಾತು ಬೇಡ.

ಕೈ ಸುಟ್ಟುಕೊಂಡ ಮೊದಲ ಪೆಟ್ಟು ಎಗ್ಸಾಸ್ಟಿನದು. ಎಂಟು ಕ್ಯಾಟ್‌ಬ್ಯಾಕ್ (ಎಗ್ಸಾಸ್ಟಿನ ಹಿಂಭಾಗದ ಪೂರ್ತಿ ಕೊಳವೆ), ಹತ್ತಿರ ಹತ್ತಿರ 4 ಲಕ್ಷದ ಮಾಲು. ಗಾಡಿಯ ಮೂಲ ವಿನ್ಯಾಸ ಬದಲಿಸಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಮೋಟಾರು ವಾಹನ ಕಾಯ್ದೆಗೂ ತಿದ್ದುಪಡಿ ಬಂತು, ಒಂದೊಂದು ಬದಲಾವಣೆಗೆ 5,000 ದಂಡ. ಕೇರಳದಲ್ಲಿ ಎಂವಿಡಿಯವರು (ಮೋಟಾರು ವಾಹನ ಇಲಾಖೆ) ಇದನ್ನು ಎಷ್ಟು ಮನಸ್ಸಿಟ್ಟು ಮಾಡುತ್ತಾರೆ ಅಂತ ಕೆಎಲ್ 14, ಅಂದರೆ ಕಾಸರಗೋಡು ನಂಬರಿನವರಿಗೆ ಹೇಳಬೇಕಾಗಿಲ್ಲ. ಎಂಟರಲ್ಲಿ ಮೂರು ಹೋದವು, ಅದೂ ಅಸಲಿಗಿಂತ ಕಡಿಮೆಗೆ. ಕಣ್ಣಿಗೂ ಕಿವಿಗೂ ಬೀಳುವ ಯಾವ ಸಾಮಾನನ್ನೂ ಈಗ ರ್ಯಾಕಿನಲ್ಲಿ ಇಡುವುದಿಲ್ಲ, ಪೂರ್ತಿ ಅಡ್ವಾನ್ಸ್ ಬಂದರೆ ಮಾತ್ರ ತರಿಸುವುದು.

ಎರಡನೇ ಪೆಟ್ಟು ಅವಸರದ್ದು. ಬೆಲೆ ಬಿದ್ದ ತಿಂಗಳೇ ಬುಷ್, ಮೌಂಟ್ ತುಂಬಿಸಿದರೆ ಅರ್ಧ ವರ್ಷ ಧೂಳು ಹಿಡಿಯುತ್ತದೆ. ಅಗ್ಗಕ್ಕೆ ತಂದವನು ಮೊದಲ ಮಳೆಗಾಲದವರೆಗೆ ಕೈ ಬಿಚ್ಚುವುದಿಲ್ಲ. ದೆಹಲಿಯಲ್ಲಿ 15 ವರ್ಷ ದಾಟಿದ ಪೆಟ್ರೋಲ್, 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅನ್ನುವ ನಿಯಮದ ಭಯದಿಂದ ಸಸ್ತಾ ಬಂದ ಗಾಡಿಗಳಲ್ಲಂತೂ ಇದು ಖಚಿತ. ಎನ್‌ಒಸಿ ಆಗಿ, ಇಲ್ಲಿಯ ತೆರಿಗೆ ಕಟ್ಟುವಷ್ಟರಲ್ಲಿ ಆತನ ಜೇಬು ಖಾಲಿ. ಒಣ ಹವೆಯಲ್ಲಿದ್ದ ಗಾಡಿಗೆ ಜೂನ್‌ನಲ್ಲಿ ನಮ್ಮ ಮಳೆ ಬಡಿದಾಗ ನೀರು ಹೋಗುವ ಡ್ರೈನ್ ಕಟ್ಟಿ ಕಾರ್ಪೆಟ್ ನೆನೆಯುತ್ತದೆ, ಒಡೆದ ರಬ್ಬರ್ ಬುಷ್ ಕಟಕಟ ಅನ್ನುತ್ತದೆ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಕೆಲಸ ನಡೆದಷ್ಟು ಕಾಲ ಸರ್ವಿಸ್ ರಸ್ತೆಯ ಹೊಂಡಗಳೂ ನಮ್ಮ ಪರ ಕೆಲಸ ಮಾಡಿದವು. ಬೆಲೆ ಇಳಿದ ಮೇಲಿನ ಮಳೆಗಾಲಕ್ಕೆ ಬೇಡಿಕೆ ಏಳುತ್ತದೆ ಅನ್ನುವುದು ನನ್ನ ಅಂದಾಜು. ಮೇ ಮೊದಲ ವಾರ ಆರ್ಡರ್ ಹಾಕಿದರೆ ಸರಿ ಹೋಗುತ್ತದೆ.

ಬೆಲೆ ಇಳಿದದ್ದು ತಿಳಿಯುವುದು ಹೇಗೆ ಅಂತ ಕೇಳುತ್ತಾರೆ. ಜಾಹೀರಾತಿನ ಬೆಲೆ ಸುಳ್ಳು. ಕೊಚ್ಚಿ, ಬೆಂಗಳೂರು, ದೆಹಲಿ ಮೂರು ಕಡೆಯ ಒಂದೇ ಮಾಡೆಲಿನ ಗಾಡಿಗಳನ್ನು ಭಾನುವಾರ ಭಾನುವಾರ ಬರೆದಿಡಬೇಕು. ಆರು ವಾರವಾದರೂ ಹೋಗದೆ ಎರಡನೇ ಸಲ ಬೆಲೆ ಇಳಿಸಿದ್ದೇ ನಿಜವಾದ ಬೆಲೆ. ಅದರಲ್ಲೂ ಐದು ಪರ್ಸೆಂಟ್ ಕಳೆಯಿರಿ.

ಎಲ್ಲ ಗಾಡಿಯೂ ಬೀಳುವುದಿಲ್ಲ. ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 230 ಗಟ್ಟಿಯಾಗಿ ನಿಂತಿದೆ. 2025ರಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಸುಮಾರು 53 ಲಕ್ಷಕ್ಕೆ ಬಂದ ಮೇಲೆ ಹಳೆಯ ವಿಆರ್‌ಎಸ್ ಇದ್ದವರು ಇನ್ನೂ ಬಿಗಿಯಾದರು. ಅಲ್ಲಿ ರೀಮ್ಯಾಪ್ (ಎಂಜಿನ್ ಸಾಫ್ಟ್‌ವೇರ್ ಬದಲಿಸಿ ಪವರ್ ಹೆಚ್ಚಿಸುವುದು), ಬ್ರೇಕ್ ಪ್ಯಾಡ್, ಒಳ್ಳೆಯ ಎಣ್ಣೆ ಓಡುತ್ತದೆ. ಜತೆಗೆ ಪ್ಲಾಸ್ಟಿಕ್ಕಿನ ಥರ್ಮೋಸ್ಟಾಟ್ ಹೌಸಿಂಗ್, ಸೋರದೆ ಇರುವುದೇ ಇಲ್ಲ.

ಮುಖ್ಯ ಮಾತಿಗೆ ಬರುತ್ತೇನೆ. ಸ್ಪೋರ್ಟ್ಸ್ ಗಾಡಿಗೆ ಮಾತ್ರ ಕೂರುವ ಸಾಮಾನನ್ನು ಸ್ಟಾಕ್ ಮಾಡಬೇಡಿ. ಟಿಟಿಯ ಇಗ್ನಿಷನ್ ಕಾಯಿಲ್, ಪಿಸಿವಿ, ವಾಟರ್ ಪಂಪ್ ಎಲ್ಲ ಸ್ಕೋಡಾದ ಲಾರಾ 1.8, ಸೂಪರ್ಬ್ 1.8 ಟಿಎಸ್‌ಐ ಮನೆತನದವೇ, ನಂಬರಿನ ಕೊನೆಯ ಅಕ್ಷರ ನೋಡಿಕೊಂಡರಾಯಿತು. ಆರು ಸ್ಪೀಡಿನ ಆಟೊಮ್ಯಾಟಿಕ್ ಗೇರ್ ಬಾಕ್ಸ್, ಅಂದರೆ ಕ್ಲಚ್ ಎಣ್ಣೆಯಲ್ಲಿ ಮುಳುಗಿರುವ ವೆಟ್ ಡಿಎಸ್‌ಜಿಯ ಫಿಲ್ಟರ್ ಲಾರಾ ಡೀಸೆಲ್ ಡಿಎಸ್‌ಜಿಗೂ ಆಗುತ್ತದೆ. ಐದು ಲೀಟರ್ ಚಿಲ್ಲರೆ ಎಣ್ಣೆ, ಫಿಲ್ಟರ್, ವಾಷರ್ ಒಟ್ಟಿಗೆ ಪೆಟ್ಟಿಗೆ ಮಾಡಿ ಸುಮಾರು 13 ಸಾವಿರಕ್ಕೆ ಕೊಡುತ್ತೇನೆ. ಕಂಪೆನಿ ಹೇಳುವುದು 60 ಸಾವಿರ ಕಿಲೋಮೀಟರ್, ನಮ್ಮ ಸೆಕೆಗೆ 40ಕ್ಕೇ ಬದಲಿಸಿ. ಕ್ವಾಟ್ರೋ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಟಿಟಿ) ಆದರೆ ಹಿಂಚಕ್ರಕ್ಕೆ ಶಕ್ತಿ ಕೊಡುವ ಹಾಲ್ಡೆಕ್ಸ್ ಕ್ಲಚ್ಚಿನ ಎಣ್ಣೆ ಮುಕ್ಕಾಲು ಲೀಟರ್, ಅದನ್ನು ಹತ್ತರಲ್ಲಿ ಒಂಬತ್ತು ಜನ ಮರೆತಿರುತ್ತಾರೆ. ಬೇರೆ ಎರಡು ಪಾರ್ಟ್ಸ್ ಮಾಮೂಲಿ ಗಾಡಿಯದ್ದೇ ಹೊಂದುತ್ತವೆ, ಅವನ್ನು ಇಲ್ಲಿ ಬರೆದರೆ ನಾಳೆ ಪಕ್ಕದ ಉಪ್ಪಳದ ಅಂಗಡಿಗಳಲ್ಲೂ ಸಿಗುತ್ತವೆ, ಹಾಗಾಗಿ ಬೇಡ.

ನಡುವೆ ಒಂದು ಪ್ರಯೋಗ. ಉಪ್ಪು ಗಾಳಿಗೆ ಕಾಯಿಲ್‌ಓವರ್‌ನ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್) ತಿರುಪಿನ ಎಳೆ ತುಕ್ಕು ಹಿಡಿದು ಕೂತು ಎತ್ತರ ಬದಲಿಸಲು ಆಗುವುದಿಲ್ಲ ಅಂತ ಸ್ಕೂಟರ್ ಟ್ಯೂಬ್ ಕತ್ತರಿಸಿ ಹೊದಿಸಿದ್ದಾಯಿತು. ಮೇಲೂ ಕೆಳಗೂ ಟೈ ಬಿಗಿದದ್ದೇ ತಪ್ಪು, ಕೆಂಪು ಮಣ್ಣಿನ ನೀರು ಒಳಗೇ ನಿಂತು ಮೊದಲಿಗಿಂತ ಬೇಗ ತಿಂದಿತು. ಮೇಣದ ಸ್ಪ್ರೇ ಹೊಡೆದು, ಮೇಲೆ ಮಾತ್ರ ಬಿಗಿದು ಕೆಳಗೆ ಬಿಟ್ಟದ್ದು ಎರಡು ಮಳೆಗಾಲ ಬಂದಿದೆ. ರಬ್ಬರಿಗಿಂತ ಗಟ್ಟಿಯಾದ ಪಾಲಿಯುರಿಥೇನ್ ಬುಷ್ ಅಷ್ಟು ಒಗ್ಗಲಿಲ್ಲ. ಗ್ರೀಸ್ ತೊಳೆದುಹೋಗಿ ಜುಲೈ-ಆಗಸ್ಟ್‌ನ ಆಟಿ ತಿಂಗಳಲ್ಲಿ ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟುತ್ತದೆ, ಗಿರಾಕಿ ವಾಪಸು ಬರುತ್ತಾನೆ. ಲೆಮ್‌ಫೋರ್ಡರ್ ಕಂಪೆನಿಯ ರಬ್ಬರ್ ಬುಷ್ಷೇ ವಾಸಿ.

2025ರ ಸೆಪ್ಟೆಂಬರ್ 22ರಂದು ಪಾರ್ಟ್ಸ್ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಾಗ ಮರುದಿನವೇ ಎಲ್ಲರೂ ಹೊಸ ಬೆಲೆ ಕೇಳಿದರು. ಹಳೆಯ ಸ್ಟಾಕಿಗೆ ಕಟ್ಟಿದ ತೆರಿಗೆಯ ಕ್ರೆಡಿಟ್ ಇದ್ದುದರಿಂದ ಗಂಟು ಹೋಗಲಿಲ್ಲ, ಹಣ ಮಾತ್ರ ಕೆಲವು ತಿಂಗಳು ಸಿಕ್ಕಿಬಿತ್ತು. ಹೊಸ ದೊಡ್ಡ ಗಾಡಿಗಳ ತೆರಿಗೆಯೂ ಅಂದೇ ಇಳಿದದ್ದರಿಂದ ಹಳೆಯವುಗಳ ಬೆಲೆ ಮತ್ತೆ ಜಾರಿತು, ಮುಂದಿನ ಮೇ ತಿಂಗಳ ಆರ್ಡರ್ ಅದನ್ನು ನೋಡಿಯೇ ಹಾಕಿದ್ದು.

ಮೂವತ್ತೈದು ದಾಟಿದ ಕೊನೆಯ ಹಂತಕ್ಕೆ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ 1.2 ಟಿಎಸ್‌ಐ ಒಳ್ಳೆಯ ಉದಾಹರಣೆ. ಅದರ ಆಟೊಮ್ಯಾಟಿಕ್ ಗೇರ್ ನಡೆಸುವ ಮೆಕಾಟ್ರಾನಿಕ್ ಯೂನಿಟ್ ಹೊಸದು ಸುಮಾರು 1.75 ಲಕ್ಷ, ಗಾಡಿಗೆ ನಾಲ್ಕೂವರೆ ಲಕ್ಷ. ಹತ್ತಿರ ನಲವತ್ತು ಪರ್ಸೆಂಟ್! ಹೊಸ ಯೂನಿಟ್ ಯಾರೂ ಕೊಳ್ಳುವುದಿಲ್ಲ. ಸ್ಕ್ಯಾನರಿನಲ್ಲಿ ಪಿ17ಬಿಎಫ್ ದೋಷದ ಕೋಡ್ ಬಂದರೆ ಹೆಚ್ಚಾಗಿ ಎಣ್ಣೆಯ ಒತ್ತಡ ಹಿಡಿದಿಡುವ ಅಕ್ಯುಮ್ಯುಲೇಟರ್ ಕೂರುವ ಜಾಗದಲ್ಲಿ ಬಿರುಕು ಬಿಟ್ಟು ಒತ್ತಡ ಇಳಿದಿರುತ್ತದೆ. ಅಲ್ಯೂಮಿನಿಯಂ ರಿಪೇರಿ ಕಿಟ್ ಕೂರಿಸಿ, ಹೈಡ್ರಾಲಿಕ್ ಎಣ್ಣೆ ಒಂದು ಲೀಟರ್ ತುಂಬಿ, ಸ್ಕ್ಯಾನರಿನಿಂದ ಬೇಸಿಕ್ ಸೆಟ್ಟಿಂಗ್ (ಗೇರ್ ಹೊಂದಾಣಿಕೆ) ಮಾಡಿದರೆ ಕೂಲಿ ಸಮೇತ 35 ಸಾವಿರದಲ್ಲಿ ಮುಗಿಯುತ್ತದೆ. ಕಿಟ್ ಬೋಲ್ಟ್ ಬಿಗಿಯುವ ಕ್ರಮ ತಪ್ಪಿದರೆ ಮತ್ತೆ ಬಿರುಕು. ಆ ಕ್ರಮ ನಮ್ಮಲ್ಲೇ ಇರಲಿ.

ಈ ಹಂತದಲ್ಲಿ ಬಿಚ್ಚಲು ಗಾಡಿ ಕೊಳ್ಳುವುದಾದರೆ ಆರ್‌ಸಿ ರದ್ದಾದ ಕಾಗದ ಕೈಯಲ್ಲಿಲ್ಲದೆ ಸ್ಪ್ಯಾನರ್ ಮುಟ್ಟಬೇಡಿ. 70 ಸಾವಿರಕ್ಕೆ ಬಂದ ಒಂದು ಪೋಲೊದಿಂದ ಸುಮಾರು 1.6 ಲಕ್ಷ ಎದ್ದಿದೆ: ಟರ್ಬೊ, ಇಂಜೆಕ್ಟರ್, ಡೋರ್ ಲಾಕ್ ಮೊದಲ ತಿಂಗಳಲ್ಲೇ ಹೋದವು. ಹಿಂದಿನ ಸೀಟು ಇನ್ನೂ ಗೋಡೆಗೆ ಒರಗಿಕೊಂಡಿದೆ, ಬೇಕಾದವರು 2,000 ಕೊಟ್ಟು ಒಯ್ಯಬಹುದು.