ಕಬ್ಬಿಣದ ಹುಂಜ ಮತ್ತು ಜಿಆರ್‌ಇ ಪದಗಳು: ನನ್ನ ಅನುಭವ

ಮೈಸೂರಿನಲ್ಲಿ ಕುಳಿತು ಚೀನಾದ ಹುಡುಗರಿಗೆ ಇಂಗ್ಲಿಷ್ ಪದ ಕಲಿಸುತ್ತೇನೆ ಎಂದಾಗ ನಕ್ಕವರೇ ಹೆಚ್ಚು. ಮೊದಲು ಕೆಲಸ ಕೊಟ್ಟ ಮಧ್ಯವರ್ತಿಯಂತೂ ನನ್ನ ಉಚ್ಚಾರಣೆಯನ್ನು ಪೋಷಕರು ಒಪ್ಪುವುದಿಲ್ಲ ಎಂದು ಹೇಳಿ, ಒಂದು ತಿಂಗಳ ದುಡ್ಡನ್ನೂ ಕೊಡದೆ ಕೈಬಿಟ್ಟ. ಕಳೆದ ತಿಂಗಳು ಚೀನಾದ ಚೆಂಗ್ಡು ನಗರದ ವಿದ್ಯಾರ್ಥಿನಿಯ ಫಲಿತಾಂಶ ಬಂತು. ವಿದೇಶದಲ್ಲಿ ಸ್ನಾತಕೋತ್ತರ ಓದಿಗೆ ಬರೆಯುವ ಜಿಆರ್‌ಇ ಪರೀಕ್ಷೆಯ ಭಾಷಾ ವಿಭಾಗದಲ್ಲಿ 147 ಇದ್ದದ್ದು 160ಕ್ಕೆ ಏರಿದೆ. ಅದಕ್ಕೇ ಈ ಬರಹ.

ಮೊದಲ ವರ್ಷ ನಾನೂ ಎಲ್ಲರಂತೆ ಆಂಕಿ ಎಂಬ ಕಂಠಪಾಠದ ಆ್ಯಪ್‌ನಲ್ಲಿ ಸುಮಾರು ಮೂರು ಸಾವಿರ ಕಾರ್ಡ್ ತುಂಬಿದೆ. ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಚೀನೀ ಅರ್ಥ, ದಿನಕ್ಕೆ ನೂರು. ಕಂಠಪಾಠಕ್ಕೆ ಅವರು ಹೆದರುವವರೇ ಅಲ್ಲ; ಒಂದು ತಿಂಗಳಲ್ಲಿ ಪಟ್ಟಿ ಮುಗಿಸಿದರು. ಅಂಕ ಏರಿದ್ದು ಎರಡೋ ಮೂರೋ. ಅವೇ ಕಾರ್ಡ್‌ಗಳನ್ನು ಕಾಗದದ ಮೇಲೂ ಅಚ್ಚು ಹಾಕಿಸಲು ಏಳೆಂಟು ಸಾವಿರ ಸುರಿದಿದ್ದೆ. ಅವು ಈಗಲೂ ಅಟ್ಟದ ಮೇಲಿವೆ.

ಆಮೇಲೆ ಇಂಗ್ಲಿಷ್ ಪದಗಳನ್ನು ಒಡೆದು ಅರ್ಥ ಊಹಿಸಲು ಲ್ಯಾಟಿನ್ ಧಾತುಗಳು. ಚೀನೀ ಅಕ್ಷರದಲ್ಲಿ ನೀರಿನ ಗುರುತಾದ ಮೂರು ಚುಕ್ಕೆ ಕಂಡರೆ ನದಿ, ಸರೋವರ, ಸಮುದ್ರ ಎಂದು ಊಹಿಸಿ ಬೆಳೆದವರಿಗೆ ಪದ ಒಡೆಯುವುದು ನೀರು ಕುಡಿದಷ್ಟು ಸುಲಭ. ಆದರೆ 'ನಾಯ್ಸಮ್' ಎಂದರೆ ಗದ್ದಲ ಎಂದು ಆರು ಜನರಲ್ಲಿ ಆರೂ ಜನ ಬರೆದರು. ಅದರ ಅರ್ಥ ದುರ್ವಾಸನೆಯ ಎಂದು; ಮೂಗಿಗೆ ಸಂಬಂಧಿಸಿದ ಪದ, ಕಿವಿಗಲ್ಲ.

ಉಚ್ಚಾರ ಹೋಲಿಸಿ ನೆನಪಿಡುವ ಚಾಳಿ ಅವರಲ್ಲಿ ಮೊದಲೇ ಇತ್ತು. 'ಪೆಸ್ಟ್' (ಪೀಡೆಯ ಕೀಟ) ಎಂದರೆ ಚೀನೀಯಲ್ಲಿ 'ಪಾಯ್ ಸ್ ತಾ', ಹೊಡೆದು ಸಾಯಿಸು. 'ಪಾಂಡರಸ್' ಎಂದರೆ 'ಪಾಂಗ್ ದ ಯಾವ್ ಸ್', ಸಾಯುವಷ್ಟು ದಪ್ಪ. ಚೆನ್ನಾಗಿಯೇ ಇದೆ. ಆದರೆ ಒಂದು ಗದ್ಯಭಾಗದಲ್ಲಿ ಲೇಖಕನ ಶೈಲಿ ಪಾಂಡರಸ್, ಅಂದರೆ ಭಾರವಾಗಿ ಬೇಸರ ತರಿಸುವಂಥದು, ಎಂದಿದ್ದುದನ್ನು ಓದಿ, ಲೇಖಕ ದಢೂತಿ ಮನುಷ್ಯ ಎಂದು ಉತ್ತರಿಸಿದ ಹುಡುಗನಿಗೆ ಏನು ಹೇಳುವುದು?

ದಾರಿ ತೋರಿಸಿದ್ದು ಚೆಂಗ್ಡು ಹುಡುಗಿಯ ಅರ್ಜಿ ಪತ್ರ. ಕಾಲೇಜಿನಲ್ಲಿ ಎರಡು ವರ್ಷ 'ಪ್ರಾಪಗ್ಯಾಂಡ' ವಿಭಾಗದ ಮುಖ್ಯಸ್ಥೆಯಾಗಿದ್ದೆ ಎಂದು ಹೆಮ್ಮೆಯಿಂದ ಬರೆದಿದ್ದಳು. ಪಾಪ, ನೃತ್ಯೋತ್ಸವದ ಭಿತ್ತಿಪತ್ರ ಅಂಟಿಸುವ ಕೆಲಸ ಅದು. 'ಶ್ವೆನ್‌ಚ್ವಾನ್' ಎಂಬ ಚೀನೀ ಪದದಲ್ಲಿ ಪ್ರಚಾರವೂ ಇದೆ, ಪ್ರಾಪಗ್ಯಾಂಡವೂ ಇದೆ. ಇಂಗ್ಲಿಷಿನ ಆ ಪದಕ್ಕಿರುವ ಸುಳ್ಳು ಪ್ರಚಾರದ ಕಳಂಕ ಮಾತ್ರ ಇಲ್ಲ. ಅರ್ಥ ಅವಳಿಗೆ ಗೊತ್ತಿತ್ತು, ಪದಕ್ಕಂಟಿದ ವಾಸನೆ ಗೊತ್ತಿರಲಿಲ್ಲ.

ಅಂದೇ ಚೀನೀ ಅರ್ಥದ ಬದಿಯನ್ನು ಅಳಿಸಿಹಾಕಿದೆ. ಅವರ ಶಾಲೆಯಲ್ಲಿ ಹೊಗಳಿಕೆಯ ಪದಕ್ಕೆ 'ಬಾವ್‌ಯಿ', ತೆಗಳಿಕೆಯ ಪದಕ್ಕೆ 'ಬ್ಯೆನ್‌ಯಿ' ಎಂದು ಗುರುತು ಹಾಕಿಸುತ್ತಾರೆ. ಅದನ್ನೇ ಎರವಲು ಪಡೆದೆ. ದಿನಕ್ಕೆ ಹನ್ನೆರಡೇ ಪದ. ಮೊದಲು ಹೊಗಳಿಕೆಯೋ ತೆಗಳಿಕೆಯೋ ತೀರ್ಮಾನಿಸಬೇಕು, ಆಮೇಲೆ ತಮ್ಮ ಮನೆಯವರ ಮೇಲೆಯೇ ಒಂದು ವಾಕ್ಯ ಬರೆಯಬೇಕು. ಅಜ್ಜಿ 'ಫ್ರೂಗಲ್' (ಮಿತವ್ಯಯಿ) ಎಂದರೆ ಅಜ್ಜಿಗೆ ಸಂತೋಷ. 'ಪಾರ್ಸಿಮೋನಿಯಸ್' (ಜಿಪುಣಿ) ಎಂದರೆ ರಾತ್ರಿ ಊಟವಿಲ್ಲ. ಚೆಂಗ್ಡುವಿನವಳು ಎರಡನೆಯದಕ್ಕೆ ಚಿಕ್ಕಪ್ಪನನ್ನು ಆರಿಸಿ, ಪಕ್ಕದಲ್ಲಿ 'ತ್ಯೆ ಗೊಂಗ್ ಜಿ' ಎಂದು ಗೀಚಿದಳು. ಕಬ್ಬಿಣದ ಹುಂಜ, ಒಂದು ಪುಕ್ಕವನ್ನೂ ಕೀಳಲಾಗದು. ನಾನು ಎಂಜಲು ಕೈಯಲ್ಲಿ ಕಾಗೆ ಓಡಿಸದವನ ಕಥೆ ಹೇಳಿದೆ. ಆ ಪದವನ್ನು ಅವಳು ಮತ್ತೆ ಮರೆಯಲಿಲ್ಲ. ಎರಡು ಸಮಾನಾರ್ಥಕ ಪದಗಳನ್ನು ಆರಿಸುವ ಪ್ರಶ್ನೆಗಳಲ್ಲಿ ತಪ್ಪು ಅರ್ಧಕ್ಕಿಂತ ಕಡಿಮೆಯಾಯಿತು. ಎಂಟನೆಯ ದಿನ ಒಂದು ಪರೀಕ್ಷೆ ಕೊಡುತ್ತೇನೆ. ಅದು ಹೇಗೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಹೊಟ್ಟೆಪಾಡು.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ: ಬೌದ್ಧ ಗ್ರಂಥಗಳ ಮೂಲಕ ಚೀನಾಕ್ಕೆ ಹೋದ ಸಂಸ್ಕೃತ ಪದಗಳನ್ನು ಹಿಡಿದು ಇಂಗ್ಲಿಷ್ ಕಲಿಸುವುದು. ನಮ್ಮ 'ಕ್ಷಣ' ಅಲ್ಲಿ 'ಚಾನಾ'. 'ಎಫೆಮೆರಲ್' (ಕ್ಷಣಿಕ) ಎಂಬುದಕ್ಕೆ ಅವರು ಹೇಳುವ ನಾಣ್ಣುಡಿ, ತಾನ್‌ಹ್ವಾ ಹೂವು ಒಮ್ಮೆ ಕಾಣಿಸಿ ಮಾಯವಾದಂತೆ. ಆ 'ತಾನ್' ನಮ್ಮ ಉದುಂಬರದಿಂದ ಬಂದದ್ದು. ಆದರೆ ಚೆಂಗ್ಡುವಿನವಳು ಕಳುಹಿಸಿದ ಚಿತ್ರದಲ್ಲಿದ್ದದ್ದು ಅತ್ತಿಯಲ್ಲ, ನಮ್ಮ ತಾರಸಿಯ ಕುಂಡದಲ್ಲಿ ಮಳೆಗಾಲದ ರಾತ್ರಿ ಅರಳುವ ಬ್ರಹ್ಮಕಮಲ! ಅಂದು ಪಾಠ ಅರ್ಧ ಗಂಟೆ ಜಾಸ್ತಿಯೇ ನಡೆಯಿತು. ಇಂಥ ಪದಗಳು ಹತ್ತು ಹದಿನೈದಕ್ಕೆ ಮುಗಿದುಹೋದವು, ಪ್ರಯೋಗವೂ ಮುಗಿಯಿತು.

ದುಡ್ಡಿನ ಮಾತು. ಗಂಟೆಗೆ 400 ರೂಪಾಯಿಯಿಂದ ಆರಂಭಿಸಿದೆ, ಈಗ 1,100. ಚೀನಾದವರು ಬಳಸುವ ಸಂದೇಶದ ಆ್ಯಪ್ ವೀಚಾಟ್ 2020ರ ಜೂನ್‌ನಲ್ಲೇ ನಮ್ಮಲ್ಲಿ ನಿಷೇಧವಾಗಿದ್ದರಿಂದ ಸಂದೇಶಕ್ಕೆ ಇಮೇಲೇ ಗತಿ. ಹಣ ಬ್ಯಾಂಕ್ ಮೂಲಕ ತರಿಸಿಕೊಳ್ಳುತ್ತೇನೆ, ಪ್ರತಿ ಸಲವೂ ಸಾವಿರ ಸಾವಿರದೈನೂರು ಕಡಿತ. ಅದಕ್ಕೇ ಮೂರು ತಿಂಗಳದ್ದನ್ನು ಒಟ್ಟಿಗೆ ಮುಂಗಡ ಕೇಳುತ್ತೇನೆ. ಅವರ ಒಂಬತ್ತು ಗಂಟೆ ನಮ್ಮ ಆರೂವರೆ. ಸಂಜೆಯ ವಾಕಿಂಗ್ ತಪ್ಪಿತು, ಸಕ್ಕರೆ ಸ್ವಲ್ಪ ಏರಿದೆ.

ನನ್ನ ಉಚ್ಚಾರಣೆಯ ಬಗ್ಗೆ ಮೊದಲ ದಿನ ಗೊಣಗಿದ್ದ ಆ ಹುಡುಗಿಯ ತಾಯಿ ಈಗ ಅವಳ ತಮ್ಮನಿಗೂ ಪಾಠ ಹೇಳಿ ಎನ್ನುತ್ತಿದ್ದಾರೆ, ಅದೂ ಅರ್ಧ ಶುಲ್ಕಕ್ಕೆ. ಕಬ್ಬಿಣದ ಹುಂಜ ಚಿಕ್ಕಪ್ಪನೊಬ್ಬನೇ ಅಲ್ಲ ಎಂದು ಮಗಳೇ ಇಮೇಲ್ ಮಾಡಿದ್ದಾಳೆ, ಒಳ್ಳೆಯ ಇಂಗ್ಲಿಷಿನಲ್ಲಿ.