ದ್ರಾಕ್ಷಿ ಕೊಯ್ಲು, ಗೋಧಿ ಧಾರಣೆ ಮತ್ತು ಕಿರು ಹಿಮಯುಗ: ನನ್ನ ಅನುಭವ

ಫ್ರಾನ್ಸಿನ ಬೋನ್ ಊರಿನ ದ್ರಾಕ್ಷಿ ಕೊಯ್ಲಿನ ದಿನಾಂಕಗಳನ್ನು ಪ್ಯಾರಿಸ್ ಪೇಟೆಯ ಗೋಧಿ ಧಾರಣೆಯ ಎದುರಿಗಿಟ್ಟು ನೋಡಿದರೆ, ಹವೆ ಕೆಲವು ಶತಮಾನ ತಂಪಾಗಿದ್ದ ಕಾಲವಾದ ಕಿರು ಹಿಮಯುಗದ ತಂಪು ಜನರ ಊಟದ ಬೆಲೆಯಲ್ಲೇ ಕಾಣಿಸುತ್ತದೆ ಎಂದು ನಾನು ಹೇಳಿದಾಗ, ಧಾರಣೆಯನ್ನು ಏರಿಸಿದ್ದು ಯುದ್ಧ ಮತ್ತು ತೆರಿಗೆಯೇ ಹೊರತು ಹವೆಯಲ್ಲ ಎಂದು ಜೊತೆಯ ಸಂಶೋಧಕರು ಒಪ್ಪಲಿಲ್ಲ. ಸುಮಾರು ನಾಲ್ಕು ವರ್ಷ ಹಿಡಿದರೂ ಈಗ ಲೆಕ್ಕ ಕೂಡಿಬಂದಿದೆ.

ಬೋನ್‌ನ ದಿನಾಂಕಗಳು 1354ರಿಂದ ದೊರೆಯುತ್ತವೆ; 1987ರವರೆಗಿನ ಸರಾಸರಿ ಸೆಪ್ಟೆಂಬರ್ 28. ಏಪ್ರಿಲ್‌ನಿಂದ ಜುಲೈವರೆಗೆ ತಂಪಿದ್ದರೆ ಕೊಯ್ಲು ತಡವಾಗುತ್ತದೆ. ನನ್ನ ಮೊದಲ ನಕ್ಷೆಯಲ್ಲಿ 1580ರ ದಶಕದ ತಂಪು ಎದ್ದು ಕಂಡಿತು, ಅದನ್ನೇ ನಂಬಿ ಅರ್ಧ ಪ್ರಬಂಧವನ್ನೂ ಬರೆದಿದ್ದೆ. ಆದರೆ 1582ರಲ್ಲಿ ಫ್ರಾನ್ಸ್ ಪಂಚಾಂಗ ಬದಲಿಸಿತ್ತು. ಡಿಸೆಂಬರ್ 9ರ ಮರುದಿನವೇ ಡಿಸೆಂಬರ್ 20 ಬಂದಿತ್ತು. ಹಳೆಯ ದಿನಾಂಕಗಳನ್ನು ನಾನು ಮುಂದಕ್ಕೆ ಸರಿಸದೆ ಬಿಟ್ಟಿದ್ದರಿಂದ ಹಿಂದಿನ ವರ್ಷಗಳೆಲ್ಲ ಇದ್ದುದಕ್ಕಿಂತ ಬೆಚ್ಚಗೆ ತೋರಿದ್ದವು. ಆ ಅರ್ಧ ಪ್ರಬಂಧವನ್ನು ಕೈಬಿಟ್ಟೆ.

ಎರಡನೆಯ ತಪ್ಪಿಗೆ ಹಣವೂ ಹೋಯಿತು. ಧಾರಣೆ ಪಟ್ಟಿಗಳ ಪ್ರತಿ ತರಿಸಲು ನೆನಪಿನ ಪ್ರಕಾರ 38 ಸಾವಿರ ರೂಪಾಯಿ ಖರ್ಚು ಮಾಡಿ, ಜನವರಿಯಿಂದ ಡಿಸೆಂಬರ್‌ವರೆಗಿನ ಸರಾಸರಿ ತೆಗೆದೆ. ಯಾವ ಸಂಬಂಧವೂ ಸಿಗಲಿಲ್ಲ. ವರ್ಷದ ಮೊದಲರ್ಧದಲ್ಲಿ ಮಾರಾಟವಾಗುವುದು ಹಿಂದಿನ ಬೆಳೆ ಎಂಬುದು ಹೊಳೆದ ಮೇಲೆ ಆಗಸ್ಟ್‌ನಿಂದ ಜುಲೈಗೆ ವರ್ಷ ಕಟ್ಟಿದೆ. 1590ರ ಪ್ಯಾರಿಸ್ ಮುತ್ತಿಗೆಯಂಥ ವರ್ಷಗಳನ್ನು ಬೇರೆಯಿಟ್ಟೆ, ಏಕೆಂದರೆ ಅಲ್ಲಿ ಯುದ್ಧವೇ ಕಾರಣವೆಂಬ ಸ್ನೇಹಿತರ ಮಾತು ನಿಜ. ಹಾಗೆ ಮಾಡಿದಾಗ, 1692 ಮತ್ತು 1693ರ ಬೆಳೆಗಳು ಒಂದರ ಹಿಂದೊಂದು ಕೆಟ್ಟು ಸುಮಾರು 13 ಲಕ್ಷ ಜನರನ್ನು ಬಲಿತೆಗೆದುಕೊಂಡ ಬರಗಾಲ ಧಾರಣೆಯಲ್ಲಿ ಸ್ಪಷ್ಟವಾಗಿ ಮೂಡಿತು. ಒಂದು ಕೆಟ್ಟ ವರ್ಷವನ್ನು ಕಣಜದ ಹಳೆಯ ಕಾಳು ತಡೆಯುತ್ತದೆ, ಎರಡನೆಯದನ್ನು ತಡೆಯುವುದಿಲ್ಲ. ಆ ಉಳಿಕೆ ಕಾಳನ್ನು ಲೆಕ್ಕಕ್ಕೆ ತಂದ ಬಗೆಯನ್ನು ಪ್ರಬಂಧ ಅಚ್ಚಾಗುವವರೆಗೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಜಪಾನಿನ ಸುವಾ ಸರೋವರದತ್ತಲೂ ಹೋಗಿದ್ದೆ. ಅದು ಹೆಪ್ಪುಗಟ್ಟಿದ ದಿನಗಳನ್ನು ಅಲ್ಲಿನ ಅರ್ಚಕರು 1443ರಿಂದ ದಾಖಲಿಸಿದ್ದಾರೆ. ಅವನ್ನು 1780ರ ದಶಕದ ತೆನ್ಮೆಯಿ ಕ್ಷಾಮದೊಂದಿಗೆ ಹೊಂದಿಸಲು ಎರಡು ತಿಂಗಳು ಹೆಣಗಿದೆ, ಆಗಲಿಲ್ಲ. ಸರೋವರ ಹೇಳುವುದು ಚಳಿಗಾಲವನ್ನು. ಅಲ್ಲಿ ಭತ್ತ ಕೆಟ್ಟದ್ದು ಬೇಸಿಗೆಯ ತಂಪಿನಿಂದ.

ಆ ಸೋಲು ಮಾತ್ರ ವ್ಯರ್ಥವಾಗಲಿಲ್ಲ, ಏಕೆಂದರೆ ಫ್ರಾನ್ಸಿನ 1709ರ ಒಗಟು ಬಿಡಿಸಿದ್ದು ಅದೇ. ಆ ಜನವರಿಯ ಆರಂಭದಲ್ಲಿ ಎರಗಿದ ಚಳಿ ನೆಲದಲ್ಲಿದ್ದ ಗೋಧಿಯ ಪೈರನ್ನೇ ಕೊಂದಿತು. ಧಾರಣೆ ಗಗನಕ್ಕೇರಿತು, ಸುಮಾರು 6 ಲಕ್ಷ ಜನ ಸತ್ತರು. ಬೇಸಿಗೆಯನ್ನಷ್ಟೇ ಅಳೆಯುವ ಕೊಯ್ಲಿನ ದಿನಾಂಕ ಇದನ್ನು ಹಿಡಿಯಲಾರದು. ಅದಕ್ಕಾಗಿ ಲೆಕ್ಕದಲ್ಲಿ ಚಳಿಗಾಲಕ್ಕೆ ಪ್ರತ್ಯೇಕ ಅಂಕಣ ಸೇರಿಸಿದೆ. ಆ ವಸಂತದಲ್ಲಿ ರೈತರು ಸತ್ತ ಗೋಧಿಯ ಹೊಲಗಳಲ್ಲಿ ಬಾರ್ಲಿ ಬಿತ್ತಿ ಎಷ್ಟೋ ಜೀವಗಳನ್ನು ಉಳಿಸಿಕೊಂಡರು. ಅದರ ಪ್ರಮಾಣ ತಿಳಿಯಲು ಬಾರ್ಲಿಯ ಧಾರಣೆ ಪಟ್ಟಿಗೆ ಕಳೆದ ತಿಂಗಳು ಮತ್ತೆ ಹಣ ಕಟ್ಟಿದ್ದೇನೆ.